ಎಡಗಡೆಯ ಲಾಳಿ

ಜುಲೈ 7, ಭಾನುವಾರ. ಮೊಳಕಾಲ್ಮೂರು

ಮೂರನೇ ಅಧ್ಯಾಯ ಮತ್ತೆ ವಾಪಸ್ ಬಂತು. ಗೈಡ್ ತಿಪ್ಪೇರುದ್ರ ಸರ್ ಅದನ್ನು ಓದೇ ಇಲ್ಲ, ನನಗೆ ಗ್ಯಾರಂಟಿ. ಮೇಲಿನ ಹಾಳೆಯಲ್ಲಿ ಟೀ ಲೋಟದ ಗುರುತು ಬಿಟ್ಟರೆ ಒಂದು ಗೆರೆ ಇಲ್ಲ. "ಏನ್ರೀ ಸ್ವಪ್ನ, ಎಲ್ಲಾ ಪುಸ್ತಕದ್ದೇ ಐತೆ. ಆ ಗಾರ್ಸೈಡ್ ಇನ್ನೂ ಬದುಕಿದಾನಲ್ರೀ! ಅವನ ಬಾಯಿಂದಾನೇ ಕೇಳಿ ಬರೀರಿ. ಇಲ್ಲಾಂದ್ರೆ ಈ ವರ್ಷಾನೂ ಗೆಸ್ಟ್ ಆಗೇ ಇರ್ತೀರ" ಅಂದರು. ಚಳ್ಳಕೆರೆ ಕಾಲೇಜಲ್ಲಿ ಇಷ್ಟು ವರ್ಷದಿಂದ ಇಂಗ್ಲಿಷ್ ಪಾಠ ಮಾಡ್ತಿದ್ದೀನಿ, ಇನ್ನೂ ನಾನು ಅತಿಥಿಯಂತೆ. ನೆಂಟರಾದರೂ ಇಷ್ಟು ದಿನ ಕೂರಲ್ಲ.

ವಿಷಯ ನಾನು ಆರಿಸಿದ್ದೂ ಅಲ್ಲ. "ಬ್ರಿಟಿಷ್ ನಾಟಕಕಾರ ವಿಲ್ಫ್ರೆಡ್ ಗಾರ್ಸೈಡ್: ಬದುಕು ಮತ್ತು ಸಾಧನೆ." ಸರ್ ಗಂಟುಹಾಕಿದ್ದು. "ಅವನ ಅವ್ವ, ಅಕ್ಕ ಬಟ್ಟೆ ಗಿರಣಿಯೋರು, ನೀವು ಮೊಳಕಾಲ್ಮೂರು ನೇಕಾರರು, ಜಾತಕ ಕೂಡಿಬಂತು" ಅಂತ ನಕ್ಕಿದ್ದರು.

ಅಪ್ಪನಿಗೆ, ನಮ್ಮ ನಾಯ್ನನಿಗೆ, ಮುಖ ತೋರಿಸಿ ಸೀದಾ ಹಿಂದಿನ ಬೀದಿಗೆ, ವೀಣಕ್ಕನ ಮನೆಗೆ ಹೋದೆ. ಗೋಪಿ ಬಾವ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದ, ಅಕ್ಕ ಅವನ ಎಡಗಡೆ. ನಮ್ಮೂರ ಸೀರೆಗೆ ಮೂರು ಲಾಳಿ, ಒಡಲಿಗೊಂದು, ಎರಡು ಅಂಚಿಗೆ ಎರಡು. ಒಬ್ಬರ ಕೈಲಿ ಆಗೋ ಕೆಲಸ ಅಲ್ಲ, ಅಂಚಿನ ಲಾಳಿ ಎಸೆಯೋಕೆ ಪಕ್ಕದಲ್ಲಿ ಇನ್ನೊಬ್ಬರು ಬೇಕೇ ಬೇಕು. ನಮ್ಮ ಬೀದಿಗಳಲ್ಲೆಲ್ಲ ಆ ಇನ್ನೊಬ್ಬರು ಕೂರೋದು ಬಲಗಡೆ. ಅಕ್ಕನ ಬಲಗೈ ಬೆರಳು ಸುಟ್ಟು ಮುದುಡಿಕೊಂಡಿವೆ, ಬಿಚ್ಚಲ್ಲ. ಅದಕ್ಕೇ ಬಾವ ಮಗ್ಗವನ್ನೇ ಬಿಚ್ಚಿ ಬೇರೆ ಥರ ಕಟ್ಟಿದ, ಅವಳು ಎಡಗಡೆ ಕೂತು ಎಡಗೈಯಲ್ಲಿ ಎಸೆಯೋ ಹಾಗೆ. ಆದರೆ ಇಬ್ಬರ ನಡುವೆ ಮಾತಿಲ್ಲ. ಮಗು ಚಿನ್ನು ಹೋದಾಗಿನಿಂದ ಇಲ್ಲ. ಬಾವ ಲಾಳಿಯಿಂದ ಮಗ್ಗದ ಮರಕ್ಕೆ ಒಂದು ಸಲ ಕುಟ್ಟಿದರೆ ಶುರು ಮಾಡು ಅಂತ. ಎರಡು ಸಲ ಕುಟ್ಟಿದರೆ ಎಳೆ ಹರಿದಿದೆ, ಹುಡುಕು ಅಂತ. ಅಷ್ಟೇ ಅವರ ಸಂಸಾರ.

ಊಟಕ್ಕೆ ಅಕ್ಕನ ಅತ್ತೆ ಪಾಲಮ್ಮ ಮುದ್ದೆ ಮುರಿದು ಸಾರಲ್ಲಿ ಅದ್ದಿ ಸೊಸೆಯ ಬಾಯಿಗಿಟ್ಟಳು. ಮಗನ ಮುಂದೆ ತಟ್ಟೆ ತಳ್ಳಿದಳು. ದಿನಾ ಹಿಂಗೇ. "ನನ್ನ ಮೊಮ್ಮಗನ್ನ ಉಳಿಸೋಕೋಗಿ ಸುಟ್ಟ ಕೈ ಕಣೇ ಇದು" ಅಂತ ನನಗೆ ಹೇಳಿದಳು. ಹೋದಾಗಲೆಲ್ಲ ಹೇಳ್ತಾಳೆ.

ಮನೇಲಿ ನಾವೆಲ್ಲ ಮಾತಾಡೋದು ತೆಲುಗು. ಇಲ್ಲಿ ಕನ್ನಡದಲ್ಲಿ ಬರೀತೀನಿ, ನಾಯ್ನನಿಗೆ ಕನ್ನಡ ಓದೋಕೆ ಬರಲ್ಲ. ಒಳ್ಳೇದೇ ಆಯ್ತು.

ಜುಲೈ 19, ಶುಕ್ರವಾರ. ಚಳ್ಳಕೆರೆ

ಗಾರ್ಸೈಡ್‌ನ ಮೊದಲ ನಾಟಕ "ಒಗೆಯುವ ದಿನ" ಮತ್ತೆ ಓದಿದೆ. ಥೂ, ಕಟುಕ ಇವನು!

ಅವನ ಅಕ್ಕ ಎಡ್ನಾ ಮದುವೆಗೆ ಮುಂಚೆ ಬಸುರಾಗಿದ್ದಳು. ಹುಟ್ಟಿದ ಮಗು ಸತ್ತಿತು ಅಂತ ಮನೆಯವರು ಊರಿಗೆ ಹೇಳಿದರು. ಸತ್ತಿರಲಿಲ್ಲ, ಯಾರಿಗೋ ಕೊಟ್ಟುಬಿಟ್ಟಿದ್ದರು. ಅದನ್ನೇ ತಮ್ಮ ನಾಟಕ ಮಾಡಿದ. ಸಾಲದ್ದಕ್ಕೆ ಮೊದಲ ಪ್ರದರ್ಶನಕ್ಕೆ ಅವಳನ್ನೇ ಕರೆದು ಮುಂದಿನ ಸಾಲಲ್ಲಿ ಕೂರಿಸಿದ. ಪಾಪ, ತಮ್ಮನ ನಾಟಕ ಅಂತ ಹೊಸ ಟೋಪಿ ಹಾಕಿಕೊಂಡು ಬಂದಿದ್ದಳಂತೆ. ಮಧ್ಯಂತರದಲ್ಲಿ ಎದ್ದು ಹೋದವಳು ಸಾಯೋತನಕ ಅವನ ಮುಖ ನೋಡಲಿಲ್ಲ. ಅವನು ಲಂಡನ್ನಿಗೆ ಹೋಗಿ ದೊಡ್ಡ ಮನುಷ್ಯನಾದ.

"ನೈತಿಕ ಪ್ರಶ್ನೆ" ಅಂತಲೇ ಒಂದು ಅಧ್ಯಾಯ ಬರೀತೀನಿ. ಬಾಯಿಗೆ ಬಂದ ಹಾಗೆ ಬೈಯೋದನ್ನು ಇಂಗ್ಲಿಷಲ್ಲಿ ಮರ್ಯಾದಸ್ತವಾಗಿ ಬರೆಯೋದು ಹೇಗೆ ಅಂತ ನೋಡಬೇಕು. ಅವನಿರುವ ವೃದ್ಧಾಶ್ರಮದವರು ವಿಡಿಯೋ ಕಾಲ್‌ಗೆ ಒಪ್ಪಿದ್ದಾರೆ.

ಜುಲೈ 28, ಭಾನುವಾರ. ಚಳ್ಳಕೆರೆ

ಮಾತಾಡಿದೆ. ನರ್ಸೊಬ್ಬಳು ಅವನ ಮುಂದೆ ಫೋನ್ ನಿಲ್ಲಿಸಿ ಹೋದಳು. ಹಣೆ, ಹುಬ್ಬು, ಅಷ್ಟೇ ಕಾಣ್ತಿತ್ತು. ಆಮೇಲೆ ಬಾಯಿ ಕಂಡಿತು. ಹಲ್ಲಿಲ್ಲದಿದ್ದರೂ ಕಚ್ಚೋ ಬಾಯಿ.

ಎಡ್ನಾಳ ಗುಟ್ಟು ನಿಮಗೆ ಹೇಗೆ ಗೊತ್ತಾಯ್ತು ಅಂದೆ. ಗಿರಣಿಯ ಸದ್ದಲ್ಲಿ ಹೆಂಗಸರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಲ್ಲವಂತೆ, ತುಟಿ ನೋಡಿಕೊಂಡೇ ಮಾತಾಡ್ತಿದ್ದರಂತೆ. ಇವನೂ ಚಿಕ್ಕಂದಿನಲ್ಲೇ ತುಟಿ ಓದೋದು ಕಲಿತ. ಒಂದಿನ ಅಕ್ಕನಿಗೆ ಬುತ್ತಿ ಕೊಡೋಕೆ ಹೋದವನು ಬಾಗಿಲಲ್ಲಿ ನಿಂತು, ಅವಳು ಪಕ್ಕದ ಮಗ್ಗದವಳಿಗೆ ಹೇಳಿಕೊಂಡದ್ದನ್ನೆಲ್ಲ ಓದಿದ. "ಅವಳು ನನಗೆ ಹೇಳಲೇ ಇಲ್ಲ. ಹಾಗಾಗಿ ನಾನು ಮಾತು ತಪ್ಪಲೂ ಇಲ್ಲ" ಅಂದ.

ಪಶ್ಚಾತ್ತಾಪ ಇಲ್ಲವಾ ಅಂದೆ. "ಅವಳು ಮೊದಲರ್ಧಕ್ಕೇ ಎದ್ದು ಹೋದಳು. ಎರಡನೇ ಅರ್ಧ ಪೂರ್ತಿ ಅವಳ ಪರವಾಗಿತ್ತು. ಕೂತು ನೋಡಬೇಕಿತ್ತು" ಅಂದ. ಅಂದು ನಕ್ಕ ಬೇರೆ.

ಕೊನೆಗೆ ಅವನೇ ಕೇಳಿದ: "ನೀನು? ನಿನ್ನ ಹತ್ತಿರ ಏನಿದೆ?" ನನ್ನ ಹತ್ತಿರ ಏನಿರುತ್ತೆ, ನಾನು ಗೆಸ್ಟ್ ಲೆಕ್ಚರರ್ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಆಗಸ್ಟ್ 4, ಭಾನುವಾರ. ಮೊಳಕಾಲ್ಮೂರು

ಭೀಮನ ಅಮಾವಾಸ್ಯೆ. ಅಕ್ಕ ಬಾವನನ್ನು ಮಣೆ ಮೇಲೆ ಕೂರಿಸಿ ಪಾದಕ್ಕೆ ನೀರು ಹಾಕಿದಳು. ಎಡಗೈಯಲ್ಲಿ ತಂಬಿಗೆ, ಬಲಗೈ ಮಣಿಕಟ್ಟಿಂದ ಪಾದ ಉಜ್ಜಿದಳು. ಬಾವ ಗೋಡೆ ನೋಡುತ್ತಾ ಕೂತಿದ್ದ. "ಇಂಥವನ ಕಾಲು ತೊಳೀಬೇಕಲ್ಲ ನನ್ನ ತಾಯಿ" ಅಂತ ಪಾಲಮ್ಮ ಬಾಗಿಲಲ್ಲಿ ನಿಂತು ಗೊಣಗಿದಳು. ಬೀದಿಯವರೆಲ್ಲ ಅಂದುಕೊಂಡಿರೋದು ಹಾಗೇ: ಮಗು ಕಾಯ್ತಾ ಇದ್ದವನು ಗೋಪಿ, ಬಿಟ್ಟು ಟೀ ಕುಡಿಯೋಕೆ ಹೋದವನು ಗೋಪಿ, ಹೆಂಡತಿ ಅವನನ್ನು ಕ್ಷಮಿಸಿಲ್ಲ, ಅದಕ್ಕೇ ಮಾತು ಬಿಟ್ಟಿದ್ದಾಳೆ.

ಪಾಲಮ್ಮನಿಗೆ ನಿಜ ಗೊತ್ತಾದರೆ! ಆ ನಿಜ ಇಲ್ಲೂ ಬರೆಯಲ್ಲ. "ಎವರಿಕೀ ಚೆಪ್ಪಕೇ, ಸ್ವಪ್ನಾ" ಅಂತ ಅಕ್ಕ ಎಡಗೈಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು. ಯಾರಿಗೂ ಹೇಳಲ್ಲ ಅಂತ ಅವಳ ತಲೆ ಮುಟ್ಟಿ ಆಣೆ ಮಾಡಿದ್ದೀನಿ. ಅಮ್ಮ ಸತ್ತಮೇಲೆ ನನ್ನ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು ಅವಳು. ತಾನು ಸ್ಕೂಲು ಬಿಟ್ಟು ಮಗ್ಗದ ಪಕ್ಕ ಕೂತಳು.

ಆಗಸ್ಟ್ 18, ಭಾನುವಾರ. ಚಳ್ಳಕೆರೆ

ಹೇಳಿಬಿಟ್ಟೆ.

ಗಾರ್ಸೈಡ್‌ಗೆ ಹೇಳಿದೆ, ಮತ್ಯಾರಿಗೂ ಅಲ್ಲ. ಅವನಿಗೆ ಯಾರು ಗೊತ್ತು ಇಲ್ಲಿ? ಬೇರೆ ದೇಶ, ಸಾಯೋ ಕಾಲದ ಮುದುಕ. ಅದೂ ಇಂಗ್ಲಿಷಲ್ಲಿ ಹೇಳಿದ್ದು. ಇಂಗ್ಲಿಷಲ್ಲಿ ಹೇಳಿದರೆ ಹೇಳಿದ ಹಾಗೇ ಅಲ್ಲ ಅನ್ನಿಸಿತು. ಅಕ್ಕನ ಹೆಸರೂ ಬರಲಿಲ್ಲ, "ಒಬ್ಬಳು ಹೆಂಗಸು" ಅಂದೆ.

ಅವತ್ತು ಬಾವ ನೂಲು ತರೋಕೆ ಹೋಗಿದ್ದ. ಟೀ ಗೀ ಎಲ್ಲಾ ಸುಳ್ಳು. ಮದುವೆ ಆರ್ಡರ್ ಅಂತ ಅಕ್ಕ ನಸುಕಿಂದ ಮಗ್ಗದಲ್ಲಿದ್ದಳು, ಆಮೇಲೆ ಬಣ್ಣ ಕಾಯಿಸೋಕೆ ಹಿತ್ತಿಲಿಗೆ ಬಂದಳು. ಚಿನ್ನು ಅಲ್ಲೇ ಆಡ್ತಿದ್ದ. ಗೋಡೆಗೆ ಒರಗಿದವಳಿಗೆ ನಿದ್ದೆ ಹತ್ತಿತು. ಮಗು ಕಿರುಚಿದ್ದಕ್ಕೇ ಎಚ್ಚರ ಆದದ್ದು. ಕುದಿಯೋ ಕೊಪ್ಪರಿಗೆಗೆ ಕೈ ಹಾಕಿ ಎತ್ತಿದಳು. ಬಾವ ಓಡಿಬಂದವನು ಅವಳ ಮುಖ ನೋಡಿದ, ಜನ ಸೇರೋ ಮುಂಚೆ "ನಾನು ಬಿಟ್ಟು ಹೋಗಿದ್ದೆ" ಅಂದುಬಿಟ್ಟ. ಅವತ್ತಿಂದ ಊರ ಬೈಗುಳ ಎಲ್ಲಾ ಅವನ ತಲೆ ಮೇಲೆ. ಅವತ್ತಿಂದ ಅವನು ಅಕ್ಕನ ಜೊತೆ ಒಂದು ಮಾತೂ ಆಡಿಲ್ಲ. ಮಾತು ಬಿಟ್ಟಿರೋದು ಅವಳಲ್ಲ, ಅವನು.

ಮಾತಿನ ಬದಲು ಮಗ್ಗಕ್ಕೆ ಕುಟ್ಟೋದನ್ನೂ ಹೇಳಿದೆ. ಮುದುಕ "ಇನ್ನೊಂದು ಸಲ ಹೇಳು, ಆ ಕುಟ್ಟೋದು ಹೇಗೆ?" ಅಂದ. ನಾನು ಪೆನ್ನಿಂದ ಮೇಜಿಗೆ ಕುಟ್ಟಿ ತೋರಿಸಿದೆ, ಒಂದು, ಎರಡು. "ನೀನು ನನ್ನ ಮೇಲೆ ಥೀಸಿಸ್ ಬರೆದು ಯಾಕೆ ಸಮಯ ಹಾಳು ಮಾಡ್ತೀಯ? ಇದನ್ನು ಬರಿ. ಹೆಸರು ಬದಲಾಯಿಸು, ಊರು ಬದಲಾಯಿಸು, ಒಂದೇ ಒಂದು ನಿಜ ಹಾಗೇ ಬಿಡು. ನಾಟಕ ನಿಲ್ಲೋದು ಅದರ ಮೇಲೇ" ಅಂದ.

ತಪ್ಪು ಅಂತ ಗೊತ್ತಿದೆ. ಬರೆಯಲ್ಲ. ಸುಮ್ಮನೆ ಮನಸ್ಸಲ್ಲಿ ಓಡ್ತಿದೆ, ಅಷ್ಟೇ.

ಸೆಪ್ಟೆಂಬರ್ 14, ಶನಿವಾರ. ಚಳ್ಳಕೆರೆ

ಬರೆದೆ! ಒಂದೇ ಉಸಿರಿಗೆ ಅನ್ನೋ ಹಾಗೆ ಬಂತು. ಕಾಲೇಜಿನ ಪೋರರ ಮುಂದೆ ಓದಿದರೆ ಪಿನ್ ಬಿದ್ದರೂ ಕೇಳಬೇಕು, ಹಂಗೆ ಕೂತಿದ್ದರು. ಅಕ್ಟೋಬರಲ್ಲಿ ಇಲ್ಲಿ ನಾಟಕ ಸ್ಪರ್ಧೆ ಇದೆ, ಅದಕ್ಕೇ ಆಡಿಸೋಣ ಅಂದರು.

ಎಲ್ಲಾ ಬದಲಾಯಿಸಿದ್ದೀನಿ, ಯಾರೂ ಒಂದು ಮಾತು ಆಡೋ ಹಾಗಿಲ್ಲ. ಊರು ಯಾವುದೋ. ಹೆಸರು ಬೇರೆ. ಮಗು ಗಂಡಲ್ಲ, ಹೆಣ್ಣು. ಕೊಪ್ಪರಿಗೆ ಇಲ್ಲ, ನೀರಿನ ತೊಟ್ಟಿ. ಸುಟ್ಟ ಕೈ ಇಲ್ಲವೇ ಇಲ್ಲ. ಗಂಡನ ಪಾತ್ರ ಮಾರುತೇಶ್, ಹೆಂಡತಿ ಸುನಿತಾ. ಇಬ್ಬರೂ ಫೈನಲ್ ಇಯರ್. ಮಗ್ಗದ ಮುಂದೆ ಸುನಿತಾಳನ್ನು ಎಡಗಡೆ ಕೂರಿಸಿದ್ದೀನಿ. ಬಲಗಡೆ ಕೂರಿಸಿ ನೋಡಿದೆ, ಯಾಕೋ ಜೀವ ಬರಲಿಲ್ಲ. ನನ್ನ ಕಣ್ಣಿಗೆ ಅದು ಎಡಗಡೇನೇ.

"ಮೇಡಂ, ಇದು ನಿಜವಾಗ್ಲೂ ನಡೆದಿದ್ದಾ?" ಅಂದಳು ಸುನಿತಾ. ಕಲ್ಪನೆ ಕಣಮ್ಮ ಅಂದೆ.

ಸೆಪ್ಟೆಂಬರ್ 22, ಭಾನುವಾರ. ಮೊಳಕಾಲ್ಮೂರು

ಅಕ್ಕನ ಮನೇಲೇ ದಿನವೆಲ್ಲ ಕೂತಿದ್ದೆ. ಎರಡು ಸಲ ಕುಟ್ಟಿದಾಗ ಅವಳ ಎಡಗೈ ಮೊದಲು ಗಾಳಿಯಲ್ಲೇ ನಿಲ್ಲುತ್ತೆ, ಆಮೇಲೆ ಹಾಸಿನ ಉದ್ದೆಳೆಗಳ ಮೇಲೆ ಬಂದು ಹರಿದ ಎಳೆ ಹುಡುಕುತ್ತೆ. ಸುನಿತಾ ಸೀದಾ ಕೆಳಗೆ ತರ್ತಾಳೆ. ತಿದ್ದಬೇಕು.

"ಏನೇ ಹಂಗೆ ನೋಡ್ತೀಯಾ? ಮೊದಲನೇ ಸಲ ನೋಡೋಳ ಥರ" ಅಂತ ಅಕ್ಕ ನಕ್ಕಳು. ನಾಟಕ ಬರೆದೆ ಅಂದೆ. ಅಬ್ಬಾ, ಅವಳ ಮುಖ ನೋಡಬೇಕಿತ್ತು! "ನಮ್ಮ ಸ್ವಪ್ನ ನಾಟಕ ಬರದವ್ಳೆ ಅತ್ತಾ" ಅಂತ ಒಳಗೆ ಕೂಗಿದಳು. ಏನು ಕಥೆ ಅಂತ ಕೇಳಲಿಲ್ಲ. ಕೇಳಿದ್ದರೆ ಹೇಳ್ತಿದ್ದೆನೋ ಏನೋ. ಪಾಲಮ್ಮ ಹೋಳಿಗೆ ಮಾಡಿದಳು.

ಅಕ್ಟೋಬರ್ 20, ಭಾನುವಾರ. ಚಳ್ಳಕೆರೆ

ಮೊದಲ ಬಹುಮಾನ. ಎಣ್ಣೆ ಮಿಲ್ಲಿನ ಸೇಟುಗಳು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ತಿಪ್ಪೇರುದ್ರ ಸರ್ ವೇದಿಕೆಗೇ ಬಂದು "ನನ್ನ ವಿದ್ಯಾರ್ಥಿನಿ" ಅಂದರು. ಇದೇ ಮನುಷ್ಯ ನನ್ನ ಅಧ್ಯಾಯದ ಮೇಲೆ ಲೋಟ ಇಟ್ಟಿದ್ದು.

ಗಂಡ ಸುಳ್ಳು ಹೇಳೋ ಜಾಗಕ್ಕೆ ಎಲ್ಲರೂ ಚಪ್ಪಾಳೆ ಹೊಡೆದರು. ನಿದ್ದೆ ಹೋದ ತಾಯಿ ಎದ್ದು ನಿಂತಾಗ ಹಿಂದಿನ ಸಾಲಿಂದ ಯಾರೋ "ಇಂಥೋಳನ್ನ ಮನೇಲಿ ಇಟ್ಕೋಬಾರ್ದು" ಅಂತ ಕೂಗಿದರು. ಎಷ್ಟು ಒಳಗೆ ಇಳಿದಿದೆ ನೋಡಿ! ಗಾರ್ಸೈಡ್ ಅವರಿಗೆ ವಿಡಿಯೋ ಕಳಿಸಿದ್ದೀನಿ.

ಅಕ್ಟೋಬರ್ 27, ಭಾನುವಾರ. ಮೊಳಕಾಲ್ಮೂರು

ನೇಕಾರರ ಸಂಘದ ಯತ್ತಪ್ಪ ಮನೆಗೇ ಬಂದಿದ್ದರು. ನಾಯ್ನ ಅವರಿಗೆ ಕುರ್ಚಿ ಕೊಟ್ಟು ತಾನು ಹೊಸ್ತಿಲಲ್ಲಿ ಕೂತ.

"ಏನಮ್ಮಾ, ಚಳ್ಳಕೆರೇಲಿ ಪ್ರೈಜು, ಪೇಪರ್‌ನಾಗೆ ಫೋಟೋ, ನಮ್ಮೂರಿಗೆ ಮಾತ್ರ ಏನೂ ಇಲ್ಲ? ಸಂಘದ ವಾರ್ಷಿಕೋತ್ಸವಕ್ಕೆ ನಿನ್ನ ನಾಟಕ ಆಗ್ಲೇಬೇಕು. ನೇಕಾರರ ಕಥೆ ಅಂತೆ, ನೇಕಾರರು ನೋಡ್ಬ್ಯಾಡ್ವಾ?"

ನಾಯ್ನ ನನ್ನ ಪರವಾಗಿ "ಮಾಡ್ತಾಳೆ ಬಿಡಣ್ಣ" ಅಂದುಬಿಟ್ಟ. ನೋಡ್ತೀನಿ ಅಂದೆ.

ನವೆಂಬರ್ 3, ಭಾನುವಾರ. ಚಳ್ಳಕೆರೆ

ಗಾರ್ಸೈಡ್ ಅವರ ಜೊತೆ ಮಾತಾಡಿದೆ. ಭಯ ಆಗ್ತಿದೆ, ಊರಿನವರು ಗುರುತು ಹಿಡಿದರೆ ಅಂದೆ. ಹೆಂಗಸನ್ನು ಬಲಗಡೆ ಕೂರಿಸಿಬಿಟ್ಟರೆ ಯಾವ ತಾಪತ್ರಯವೂ ಇಲ್ಲ, ಒಂದು ಮಣೆ ಆಚೆಯಿಂದ ಈಚೆ ಹಾಕೋ ಕೆಲಸ ಅಂದೆ.

"ಹಾಕು. ಆಮೇಲೆ ಅದು ಯಾರ ನಾಟಕವೂ ಅಲ್ಲ" ಅಂದರು.

ತಮ್ಮ ಬದುಕಿನದು ಇನ್ನಷ್ಟು ಹೇಳಿದರು. ಎರಡನೇ ನಾಟಕ ಹೆಂಡತಿಯದು, ಆಕೆ ಬಿಟ್ಟು ಹೋದಳು. ಮೂರನೆಯದು ಗೆಳೆಯ ಸಾಯುವಾಗ ಆಡಿದ ಮಾತುಗಳು, ಅವನ ಮನೆಯವರು ಹೆಣದ ಹತ್ತಿರ ಬಿಡಲಿಲ್ಲ. ಮೂರೂ ಇವತ್ತಿಗೂ ಆಡ್ತಾರೆ. ಬೈದವರೆಲ್ಲ ಸತ್ತುಹೋದರು, ನಾಟಕ ಇದೆ ಅಂದರು. ಒಂದು ಲೆಕ್ಕಕ್ಕೆ ನಿಜವೇ ಅಲ್ಲವಾ? ಎಡ್ನಾಳ ಹೆಸರು ಇವರು ಬರೆಯದಿದ್ದರೆ ಯಾರಿಗೆ ಗೊತ್ತಿರುತ್ತಿತ್ತು?

ಚಳ್ಳಕೆರೆಯಲ್ಲಿ ಅಷ್ಟು ಜನ ನೋಡಿದರು, ಯಾರಿಗೂ ಗೊತ್ತಾಗಲಿಲ್ಲ. ಸುಮ್ಮನೆ ಹೆದರ್ತಿದ್ದೀನಿ. ಮಣೆ ಎಲ್ಲಿದೆಯೋ ಅಲ್ಲೇ ಇರಲಿ.

ನವೆಂಬರ್ 16, ಶನಿವಾರ. ಮೊಳಕಾಲ್ಮೂರು

ನಾಳೆ. ಅಕ್ಕ ಬರೋದು ಬೇಡ ಅಂತ ಹೇಳೋಕೇ ಹೋಗಿದ್ದೆ. ನೀಲಿ ಸೀರೆ, ಅರಿಶಿನ ಬಣ್ಣದ ಅಂಚು, ಮಡಿಕೆ ಬಿಚ್ಚಿ ಹಾಸಿಕೊಂಡು ಕೂತಿದ್ದಳು. ತಾವೇ ನೇಯ್ದದ್ದು, ಅಂಚಲ್ಲಿ ಒಂದು ತಪ್ಪು ಬಿತ್ತು ಅಂತ ವ್ಯಾಪಾರಿ ಬಿಟ್ಟು ಹೋದದ್ದು. ಚಿನ್ನು ಹೋದಮೇಲೆ ಅವಳು ಹೊಸ ಸೀರೆ ಉಟ್ಟಿಲ್ಲ. "ನಿನ್ನ ನಾಟಕಕ್ಕೆ ಅಂತಲೇ ತೆಗ್ದೆ ಕಣೇ" ಅಂದಳು.

ಆ ಮುಖ ನೋಡಿಕೊಂಡು ಬರಬೇಡ ಅನ್ನೋಕಾಗುತ್ತಾ? ಮುಂದಿನ ಸಾಲಲ್ಲಿ ಜಾಗ ಹಿಡಿಸಿದ್ದೀನಿ ಅಂದೆ. ಬಾವ, ಪಾಲಮ್ಮ, ನಾಯ್ನ ಎಲ್ಲರಿಗೂ. ಹಿಂದೆ ಕೂರಿಸಿದರೆ ನಮ್ಮವರಿಗೆ ಅವಮಾನ.

ನವೆಂಬರ್ 18, ಸೋಮವಾರ. ಚಳ್ಳಕೆರೆ

ಬೆಳಗಿನ ಮೊದಲ ಬಸ್ಸಿಗೇ ಬಂದುಬಿಟ್ಟೆ.

ನಿನ್ನೆ ಮಧ್ಯಾಹ್ನ ಸಮುದಾಯ ಭವನ ತುಂಬಿತ್ತು. ಪರದೆ ಸರಿಯಿತು. ಮಾರುತೇಶ್ ಮಗ್ಗದ ಮುಂದೆ, ಸುನಿತಾ ಎಡಗಡೆ. ಸುನಿತಾ ಎಡಗೈಯಲ್ಲಿ ಮೊದಲ ಸಲ ಲಾಳಿ ಎಸೆದಳು, ಅಷ್ಟೇ. ಇನ್ನೂ ಒಂದು ಮಾತು ಆಡಿರಲಿಲ್ಲ. ಸಭೆಯಲ್ಲಿ ಒಂದು ಗುಜುಗುಜು ಎದ್ದು ಹಿಂದಿನ ಸಾಲಿಂದ ಮುಂದಿನವರೆಗೂ ಬಂತು. ಒಬ್ಬೊಬ್ಬರಾಗಿ ತಲೆ ತಿರುಗಿಸಿದರು. ವೇದಿಕೆ ಕಡೆ ಅಲ್ಲ, ಅಕ್ಕನ ಕಡೆ. ಚಳ್ಳಕೆರೆಯವರಿಗೆ ಎಡ ಏನು ಬಲ ಏನು. ಇವರು ಮಗ್ಗದಲ್ಲಿ ಹುಟ್ಟಿ ಬೆಳೆದವರು. ನಮ್ಮೂರಲ್ಲಿ ಎಡಗಡೆ ಕೂರೋಳು ಒಬ್ಬಳೇ.

ಅಕ್ಕ ಮೊದಲು ನಗ್ತಾ ಇದ್ದಳು. ಪರದೆ ಪಕ್ಕದಿಂದ ನೋಡ್ತಿದ್ದೆ. ಮಾರುತೇಶ್ ಎರಡು ಸಲ ಕುಟ್ಟಿದ, ಸುನಿತಾ ಕೈ ಗಾಳಿಯಲ್ಲಿ ನಿಂತಿತು, ಈ ಸಲ ಸರಿಯಾಗಿ ನಿಲ್ಲಿಸಿದಳು. ಆಗ ಅಕ್ಕನ ನಗು ಹೋಯ್ತು. ಬಲಗೈ ಸೆರಗೊಳಗೆ ಎಳೆದುಕೊಂಡಳು.

ಆಮೇಲೆ ತೊಟ್ಟಿ. ಆಮೇಲೆ ನಿದ್ದೆ. ಆಮೇಲೆ ಗಂಡನ ಸುಳ್ಳು. ಪಾಲಮ್ಮ ಸೊಸೆಯ ಪಕ್ಕವೇ ಕೂತಿದ್ದವಳು ಸ್ವಲ್ಪ ಸ್ವಲ್ಪವೇ ಅತ್ತ ಸರಿದಳು. ನಡುವೆ ಒಬ್ಬರು ಕೂರುವಷ್ಟು ಜಾಗ ಆಯ್ತು. ಬಾವ ತಲೆ ಎತ್ತಲೇ ಇಲ್ಲ. ಅಕ್ಕ ಎದ್ದು ನಡುವಿನ ದಾರಿಯಲ್ಲಿ ನಡೆದುಹೋದಳು, ನೀಲಿ ಸೀರೆ ನೆರಿಗೆ ಕಾಲಿಗೆ ತೊಡರುತ್ತಿತ್ತು. ಜನ ಕಾಲು ಎಳೆದುಕೊಂಡು ದಾರಿ ಬಿಟ್ಟರು.

ಎರಡನೇ ಅರ್ಧ ನೋಡಲೇ ಇಲ್ಲ ಅವಳು. ಅದರಲ್ಲಿ ಅವಳ ಪರವಾಗಿ ಎಷ್ಟು ಬರೆದಿದ್ದೆ!

ಕೊನೆಗೆ ಚಪ್ಪಾಳೆ ಬರಲಿಲ್ಲ. ಯತ್ತಪ್ಪ ಶಾಲು ತಂದಿದ್ದರು, ಹೊದಿಸಲಿಲ್ಲ. ಮಡಿಸಿ ಕಂಕುಳಲ್ಲಿಟ್ಟುಕೊಂಡು "ನಿನ್ನ ಮಗ್ಗ ಬೇರೆ ಊರೋರು ನೋಡಿದ್ರೆ ಕಲ್ಪನೆ ಅಂತ ಹೇಳ್ಬಹುದಿತ್ತಮ್ಮ, ನಮಗಲ್ಲ" ಅಂದು ಹೊರಟರು.

ನವೆಂಬರ್ 20, ಬುಧವಾರ. ಚಳ್ಳಕೆರೆ

ನಾಯ್ನ ಫೋನ್ ಮಾಡಿದ್ದ. ಅಕ್ಕ ನಮ್ಮ ಮನೇಲಿದ್ದಾಳೆ.

ಭಾನುವಾರ ಸಂಜೆಯೇ ಪಾಲಮ್ಮ ಅವಳ ಬಟ್ಟೆ ಬರೆ ಬೀದಿಗೆ ಹಾಕಿದಳಂತೆ. "ನನ್ನ ಕೈಯಾರೆ ಉಣ್ಣಿಸಿದೆನಲ್ಲೇ" ಅಂತ ತನ್ನ ಕೈಯನ್ನೇ ಕಲ್ಲಿಗೆ ಬಡಿದುಕೊಂಡಳಂತೆ. ಅಕ್ಕ ಬಾವನ ಮುಖ ನೋಡಿದಳು. ಬಾವ ಬಾಯಿ ತೆಗೆದ. ಇಷ್ಟು ವರ್ಷದ ಮೇಲೆ ಅವಳ ಜೊತೆ ಆಡಿದ್ದು ಒಂದೇ ಅಕ್ಷರ: "ಪೋ."

ಹೋಗು ಅಂತ. ತನ್ನ ಮರ್ಯಾದೆ ಕೊಟ್ಟು ಮುಚ್ಚಿಟ್ಟಿದ್ದನ್ನು ಇವಳು ತಂಗಿಗೆ ಹೇಳಿಕೊಂಡಳಲ್ಲ, ಅದನ್ನು ಅವನು ಸಹಿಸಲಿಲ್ಲ. ಅಳು ಬಂತು. ಬಹಳ ಹೊತ್ತು ಅತ್ತೆ. ಆದರೂ ಆ ಒಂದು ಅಕ್ಷರ! ನನ್ನ ನಾಟಕದ ಕೊನೆಯಲ್ಲಿ ಗಂಡನಿಗೆ ಒಂದು ಪುಟ ಮಾತು ಕೊಟ್ಟಿದ್ದೆ. ಅದನ್ನೆಲ್ಲ ತೆಗೆಯಬೇಕು.

ನವೆಂಬರ್ 24, ಭಾನುವಾರ. ಮೊಳಕಾಲ್ಮೂರು

ಬಾವನ ಮನೆಗೆ ಹೋದೆ. ಬೈಸಿಕೊಳ್ಳೋಣ ಅಂತಲೇ ಹೋದದ್ದು. ಒಳಗೆ ಹೋಗದೆ ಕಿಟಕಿಯ ಹತ್ತಿರ ನಿಂತೆ. ಮಗ್ಗ ನಡೀತಿತ್ತು. ಅಕ್ಕನ ಜಾಗದಲ್ಲಿ, ಎಡಗಡೆ, ಪಾಲಮ್ಮ ಕೂತಿದ್ದಳು. ಮಗನ ಕೈಯ ನೀರು ಮುಟ್ಟದಿದ್ದವಳು! ಬಾವ ಕುಟ್ಟಲಿಲ್ಲ. "ಅಮ್ಮಾ, ಎಳೆ ಹರೀತು ನೋಡು" ಅಂತ ಬಾಯಿ ಬಿಟ್ಟೇ ಹೇಳಿದ. ಅವಳು "ಎಲ್ಲಪ್ಪಾ" ಅಂತ ಬಗ್ಗಿದಳು.

ಇದು ಎಲ್ಲರಿಗೂ ಕಾಣಲ್ಲ. ಮನೆಗೆ ಬಂದ ಕೂಡಲೇ ಬರೆದಿಟ್ಟೆ.

ಡಿಸೆಂಬರ್ 8, ಭಾನುವಾರ. ಚಳ್ಳಕೆರೆ

ಸುನಿತಾ ಇನ್ನು ಪಾತ್ರ ಮಾಡಲ್ಲವಂತೆ. "ಕಲ್ಪನೆ ಅಂದಿದ್ರಲ್ಲ ಮೇಡಂ" ಅಂತ ಸ್ಟಾಫ್ ರೂಮಲ್ಲೇ ಅತ್ತಳು. ಅಳುಬುರುಕಿ. ದಾವಣಗೆರೆಯವರು ಕರೆದಿದ್ದಾರೆ, ಬೇರೆಯವಳನ್ನು ತಯಾರು ಮಾಡಬೇಕು.

ತಿಪ್ಪೇರುದ್ರ ಸರ್ ಮೂರನೇ ಅಧ್ಯಾಯ ಒಪ್ಪಿದರು. "ಈಗ ನೋಡ್ರಿ, ಬರವಣಿಗೆ ಒಳಗಿಂದ ಬಂದೈತೆ. ಪಿಎಚ್‌ಡಿ ಆಯ್ತು ಅಂದ್ಕೊಳ್ರಿ." "ನೈತಿಕ ಪ್ರಶ್ನೆ" ಅಧ್ಯಾಯ ನಾನೇ ತೆಗೆದುಹಾಕಿದೆ. ಬಾಲಿಶವಾಗಿತ್ತು.

ಗಾರ್ಸೈಡ್ ಮೇಷ್ಟ್ರಿಗೆ ಎಲ್ಲಾ ಹೇಳಿದೆ. ಅತ್ತೆ ಎಡಗಡೆ ಕೂತದ್ದು ಹೇಳಿದಾಗ ಕಣ್ಣು ಮುಚ್ಚಿಕೊಂಡರು.

"ಎರಡನೇ ನಾಟಕ ಅಲ್ಲಿದೆ. ಬೇಗ ಬರಿ."

ಯಾಕೆ ಬೇಗ ಅಂದೆ.

"ಇನ್ನು ನಿನ್ನೆದುರು ಯಾರೂ ಬಾಯಿ ಬಿಡಲ್ಲ. ಅದಕ್ಕೆ. ನನಗೆ ಮೂರು ಸಿಕ್ಕವು. ನಿನ್ನ ಹತ್ತಿರ ಮನೇಲಿ ಒಬ್ಬಳು ಉಳಿದಿದ್ದಾಳೆ."

ಡಿಸೆಂಬರ್ 15, ಭಾನುವಾರ. ಮೊಳಕಾಲ್ಮೂರು

ಅಕ್ಕ ನಡುಮನೆ ಗೋಡೆಗೆ ಒರಗಿ ಕೂತಿರ್ತಾಳೆ. ಬೆಳಗ್ಗೆ ಎಲ್ಲಿ ಕೂತಳೋ ಸಂಜೆಗೂ ಅಲ್ಲೇ. ಎಡಗೈಯಲ್ಲಿ ಉಣ್ತಾಳೆ. ನಾಯ್ನ ಬೇರೆ ಕಡೆ ನೋಡ್ತಾನೆ. ನಾನು ಕಲಸಿ ಕೊಡ್ತೀನಿ ಬಾ ಅಂದೆ, ತಟ್ಟೆ ತನ್ನ ಕಡೆ ಎಳೆದುಕೊಂಡಳು.

ಬೈಯಲಿ ಅಂತ ಕಾಯ್ತಿದ್ದೆ. ಕೆನ್ನೆಗೆ ಹೊಡೆದಿದ್ದರೂ ಸಮಾಧಾನ ಆಗ್ತಿತ್ತು. ಇವತ್ತು ಮಧ್ಯಾಹ್ನ ಅವಳೇ ಬಾಯಿ ಬಿಟ್ಟಳು. ದನಿ ಎಷ್ಟು ಸಣ್ಣಗಿತ್ತು ಅಂದರೆ ಪಕ್ಕ ಹೋಗಿ ಕೂರಬೇಕಾಯ್ತು.

"ಬಲಗಡೆ ಕೂರ್ಸಿದ್ರೆ ಆಗ್ತಿರ್ಲಿಲ್ವಾ, ಸ್ವಪ್ನಾ?"

ಅಷ್ಟೇ ಕೇಳಿದ್ದು. ಅವಳಿಗೆ ತಿಳಿಯೋ ಹಾಗೆ ಹೇಳಿದೆ. ನಾಟಕದಲ್ಲಿ ಒಂದು ನಿಜ ಇರಲೇಬೇಕು ಅಕ್ಕಾ, ಅದಿಲ್ಲದಿದ್ದರೆ ಅದು ಯಾರ ಕಥೆಯೂ ಅಲ್ಲ, ನೋಡಿದವರು ಯಾಕೆ ಅಳಬೇಕು, ಚಳ್ಳಕೆರೆಯಲ್ಲಿ ನಿನಗೋಸ್ಕರ ಎಷ್ಟು ಜನ ಅತ್ತರು ಗೊತ್ತಾ? ಬಹಳ ಹೊತ್ತು ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ. ನನ್ನ ತುಟಿಯನ್ನೇ ನೋಡ್ತಿದ್ದಳು.

ನಾಯ್ನ ಕಾಫಿ ಕುಡಿದು ಸ್ಟೀಲ್ ಲೋಟ ನೆಲಕ್ಕಿಟ್ಟ. ಇನ್ನಷ್ಟು ಬೇಕಾದರೆ ಅವನು ಲೋಟ ಕುಟ್ಟೋದು ರೂಢಿ. ಎರಡು ಸಲ ಕುಟ್ಟಿದ.

ಅಕ್ಕನ ಎಡಗೈ ಎದ್ದಿತು. ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಮೆಲ್ಲಗೆ ಇಳಿದು, ಮಡಿಲ ಮೇಲೆ, ಬರೀ ಸೀರೆಯ ಮೇಲೆ, ಹರಿದ ಎಳೆ ಹುಡುಕತೊಡಗಿತು. ಎರಡು ಬೆರಳಿಂದ ಹುಡುಕಿತು, ಸಿಗಲಿಲ್ಲ, ಇನ್ನೊಂದು ಕಡೆ ಹುಡುಕಿತು. ಅವಳ ಕಣ್ಣು ಬಾಗಿಲ ಕಡೆಗಿತ್ತು. ಕೈ ಏನು ಮಾಡ್ತಿದೆ ಅಂತ ಅವಳಿಗೇ ಗೊತ್ತಿರಲಿಲ್ಲ.

ಮೊದಲ ದೃಶ್ಯ ಇದೇ. ಪೆನ್ನು ತಗೊಳ್ಳೋ ಅಷ್ಟರಲ್ಲಿ ಕೈ ಇಳಿದುಬಿಟ್ಟಿತು. ಬೆರಳು ಮೊದಲು ಯಾವ ಕಡೆ ಹೋಯ್ತು ಅಂತ ಸರಿಯಾಗಿ ನೋಡಿರಲಿಲ್ಲ.

"ನಾಯ್ನಾ, ಇನ್ನೊಂದ್ಸಲ ಕುಟ್ಟು" ಅಂದೆ.

ನಾಯ್ನ ಅಕ್ಕನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಕುಟ್ಟಲಿಲ್ಲ. ಲೋಟ ಅಲ್ಲೇ ಬಿಟ್ಟು, ಚಪ್ಪಲಿ ಕೂಡ ಹಾಕದೆ ಬೀದಿಗೆ ಇಳಿದು ಹೋದ.

ಲೋಟ ತಗೊಂಡು ನಾನೇ ಕುಟ್ಟಿದೆ. ಎರಡು ಸಲ. ಅಕ್ಕನ ಕೈ ಎದ್ದಿತು.